ಕಾಪಿ ತುಂಬಿದರೆ ಅಕ್ಷರ ಬಂದಂಗಾ? ಎಲ್‌ಕೆಜಿ, ಯುಕೆಜಿ ಮಕ್ಕಳ ಕೈಗೆ ಬೇಕಿರುವುದು ಗೆರೆಯಿಲ್ಲದ ಒಂದು ಪುಸ್ತಕ

ಮೈಸೂರು ಜಿಲ್ಲೆ: ಜೂನ್ ಬಂತೆಂದರೆ ಹುಣಸೂರಿರಲಿ, ನಂಜನಗೂಡಿರಲಿ, ಕೆ.ಆರ್. ನಗರವಿರಲಿ, ಪುಸ್ತಕದ ಅಂಗಡಿಗಳ ಮುಂದೆ ಒಂದೇ ನೋಟ. ಪೋಷಕರ ಕೈಯಲ್ಲಿ ಶಾಲೆ ಕೊಟ್ಟ ಪಟ್ಟಿ. ಅದರಲ್ಲಿ ನಾಲ್ಕು ಗೆರೆ ಪುಸ್ತಕ, ಎರಡು ಗೆರೆ ಪುಸ್ತಕ, ಚೌಕದ ಲೆಕ್ಕದ ಪುಸ್ತಕ, ಚುಕ್ಕಿ ಮೇಲೆ ತಿದ್ದುವ ಕಾಪಿ ರೈಟಿಂಗ್ ಪುಸ್ತಕ. ಇಷ್ಟನ್ನೂ ತುಂಬಿಸಬೇಕಾದ ಮಗುವಿಗೆ ವಯಸ್ಸು ನಾಲ್ಕು.

ಎರಡು ಮೂರು ತಿಂಗಳು ಕಳೆದ ಮೇಲೆ ಪೋಷಕರು ಕೇಳುವ ಪ್ರಶ್ನೆಯೂ ಒಂದೇ: ‘ನಮ್ಮ ಹುಡ್ಗ ಎಷ್ಟು ಬರೀತಾನೆ ಮಿಸ್?’ ಏನು ಬರೀತಾನೆ ಅಂತ ಕೇಳುವವರು ಕಮ್ಮಿ. ಪುಟ ತುಂಬಿದ್ದರೆ ಶಾಲೆ ಒಳ್ಳೇದು, ಪುಟ ಖಾಲಿ ಇದ್ದರೆ ‘ಬರೀ ಆಟ ಆಡಿಸ್ತಾರೆ’ ಎಂಬ ಮಾತು. ಈ ಅಳತೆಗೋಲೇ ಈಗ ಮಕ್ಕಳ ಕೈಗೆ ಭಾರವಾಗಿದೆ.

ಈ ಮಾತು ಈಗ ಯಾಕೆ?

ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು ಎಂಬ ನಿಯಮ ರಾಜ್ಯದಲ್ಲಿ ಬಂದಿದೆ. ಪೋಷಕರ ಒತ್ತಾಯದ ಮೇಲೆ 2025-26ನೇ ಸಾಲಿಗೆ ಮಾತ್ರ ಎಂದು 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಡಲಾಗಿತ್ತು. ನಿಯಮದ ಪರಿಣಾಮ ಸರಳ: ಮಕ್ಕಳು ಒಂದನೇ ತರಗತಿಗೆ ಮುಂಚಿನ ಹಂತದಲ್ಲಿ ಹೆಚ್ಚು ಕಾಲ ಇರುತ್ತಾರೆ. ಆ ಕಾಲದಲ್ಲಿ ಅವರ ಕೈಯಲ್ಲಿ ಏನು ಮಾಡಿಸಬೇಕು ಎಂಬುದು ಈಗ ಮನೆಮನೆಯ ಪ್ರಶ್ನೆ.

ಇನ್ನೊಂದು ಕಡೆ ಪೈಪೋಟಿ. ಖಾಸಗಿ ನರ್ಸರಿಗಳು ಮೊದಲಿಂದಲೂ ಇವೆ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಮತ್ತು ಆಯ್ದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾದವು. ಹೀಗಾದರೆ ಅಂಗನವಾಡಿಗೆ ಮಕ್ಕಳೇ ಉಳಿಯಲ್ಲ ಎಂದು 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದು, ಅಂಗನವಾಡಿಯಲ್ಲೇ ಈ ತರಗತಿ ಕೊಡಿ ಎಂದು ಕೇಳಿದರು. ಈ ಅಂಗನವಾಡಿ ವ್ಯವಸ್ಥೆ 1975ರಲ್ಲಿ ರಾಜ್ಯದಲ್ಲಿ ಮೊದಲು ಕಾಲಿಟ್ಟಿದ್ದು ಇದೇ ಜಿಲ್ಲೆಯ ತಿ. ನರಸೀಪುರದಲ್ಲಿ.

ಮೂವರ ಪೈಪೋಟಿಯಲ್ಲಿ ಪೋಷಕರಿಗೆ ತೋರಿಸಲು ಸುಲಭದ ಸಾಕ್ಷಿ ಎಂದರೆ ತುಂಬಿದ ಕಾಪಿ. ಹಾಗಾಗಿ ಎಲ್ಲರೂ ಅದರ ಹಿಂದೆ ಬಿದ್ದಿದ್ದಾರೆ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಎರಡನೇ ತರಗತಿವರೆಗೆ ಹೋಂವರ್ಕ್ ಬೇಡ, ಪೂರ್ವ ಪ್ರಾಥಮಿಕ ಮಕ್ಕಳಿಗೆ ಬ್ಯಾಗೇ ಬೇಡ ಎನ್ನುತ್ತದೆ. ಬೀದಿಯಲ್ಲಿ ಕಾಣುವುದು ಬೇರೆ: ಪುಟ್ಟ ಬೆನ್ನಿನ ಮೇಲೆ ದೊಡ್ಡ ಬ್ಯಾಗು, ಸಂಜೆ ಊಟಕ್ಕೆ ಮುಂಚೆ ಅಳುತ್ತಾ ಎರಡು ಪುಟ ಬರಹ.

ಕೈ ಇನ್ನೂ ಬಲಿತಿರಲ್ಲ

ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ನಾಲ್ಕು ವರ್ಷದ ಮಗುವಿನಲ್ಲಿ ಅವುಗಳಲ್ಲಿ ಹಲವು ಇನ್ನೂ ಮೃದ್ವಸ್ಥಿಯ ಹಂತದಲ್ಲೇ ಇರುತ್ತವೆ. ಬೆರಳಿನ ಸಣ್ಣ ಸ್ನಾಯುಗಳಿಗೂ ಹಿಡಿತ ಬಂದಿರುವುದಿಲ್ಲ. ಮಗು ಮೊದಲು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಆಮೇಲೆ ಎಲ್ಲ ಬೆರಳಲ್ಲಿ, ಕೊನೆಗೆ ಮೂರು ಬೆರಳಲ್ಲಿ. ಬಹಳಷ್ಟು ಮಕ್ಕಳಿಗೆ ಈ ಮೂರು ಬೆರಳಿನ ಹಿಡಿತ ಕೂರುವುದು ನಾಲ್ಕರಿಂದ ಆರು ವರ್ಷದ ನಡುವೆ. ಅದಕ್ಕೆ ಮುಂಚೆ ಸಣ್ಣ ಗೆರೆಗಳ ನಡುವೆ ಅಕ್ಷರ ಕೂರಿಸು ಅಂದರೆ ಮಗು ಪೆನ್ಸಿಲನ್ನು ಬಿಗಿಯಾಗಿ ಒತ್ತುತ್ತದೆ, ಕೈ ನೋಯುತ್ತದೆ, ‘ಬರಿಯಲ್ಲ’ ಎಂದು ಹಟ ಹಿಡಿಯುತ್ತದೆ. ದೊಡ್ಡವರು ಅದಕ್ಕೆ ಸೋಮಾರಿತನ ಎಂದು ಹೆಸರಿಡುತ್ತಾರೆ.

ಹಳಬರಿಗೆ ಇದು ತಿಳಿದಿತ್ತು. ಅಕ್ಷರಾಭ್ಯಾಸಕ್ಕೆ ತಟ್ಟೆಯಲ್ಲಿ ಅಕ್ಕಿ ಹರವಿ ಬೆರಳಲ್ಲಿ ಬರೆಸುತ್ತಿದ್ದರು, ಈಗಲೂ ಬರೆಸುತ್ತಾರೆ. ಆಮೇಲೆ ಮರಳು, ಸ್ಲೇಟು, ಬಳಪ. ಎಲ್ಲದರಲ್ಲೂ ಅಕ್ಷರ ದೊಡ್ಡದು, ತಪ್ಪಾದರೆ ಒರೆಸಿದರೆ ಆಯ್ತು.

ಸ್ಟ್ಯಾಂಡಿಂಗ್ ಲೈನ್ ಕಲಿತ ಕೈಗೆ ‘ರ’ ಯಾಕೆ ಬರಲ್ಲ?

ಬಹುತೇಕ ನರ್ಸರಿಗಳಲ್ಲಿ ಮೊದಲ ಪಾಠ ಸ್ಟ್ಯಾಂಡಿಂಗ್ ಲೈನ್, ಸ್ಲೀಪಿಂಗ್ ಲೈನ್. ಇಂಗ್ಲಿಷಿನ ದೊಡ್ಡ ಅಕ್ಷರಗಳಿಗೆ ಇದು ಸರಿ, ಅವುಗಳಲ್ಲಿ ನೇರ ಗೆರೆಗಳೇ ಹೆಚ್ಚು. ಕನ್ನಡದ ಕಥೆ ಬೇರೆ. ಕನ್ನಡ ಅಕ್ಷರ ಎಂದರೆ ಸುತ್ತು, ತಿರುವು, ಕೊಂಡಿ. ನೇರ ಗೆರೆ ಎಳೆದೆಳೆದು ಪಳಗಿದ ಕೈ ‘ರ’ ಬರೆಯಲು ಹೋದಾಗ ಮುಗ್ಗರಿಸುತ್ತದೆ. ಆಗ ‘ಕನ್ನಡ ಕಷ್ಟ ಕಣ್ರೀ ನಮ್ ಪಾಪೂಗೆ’ ಎಂಬ ಮಾತು ಬರುತ್ತದೆ. ಕಷ್ಟ ಕನ್ನಡದ್ದಲ್ಲ, ಕೈಗೆ ಸುತ್ತುವುದನ್ನು ಯಾರೂ ಕಲಿಸಿಲ್ಲ ಅಷ್ಟೇ.

ಸರ್ಕಾರಿ ಶಾಲೆಗಳ ನಲಿ-ಕಲಿ ಈ ವಿಷಯದಲ್ಲಿ ಜಾಣತನ ತೋರಿಸಿದೆ. 1995ರಲ್ಲಿ ಇದೇ ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿ, 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ ಇದು. ಇದರಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಇಂದಲ್ಲ. ರ ಗ ಸ ದ ಅ ಇಂದ. ಆಕಾರ ಸುಲಭ, ಮೇಲಾಗಿ ಐದೇ ಅಕ್ಷರದಲ್ಲಿ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಬರೆಯಬಹುದು. ‘ದಸರ’ ಕೂಡ.

ಬರವಣಿಗೆಯ ದಿನಚರಿ ಪುಸ್ತಕ ಎಂದರೆ ಏನು?

ಇಲ್ಲೇ ಗೆರೆಯಿಲ್ಲದ ಪುಸ್ತಕದ ಮಾತು ಬರುವುದು. ಹಲವು ದೇಶಗಳ ಕಿಂಡರ್‌ಗಾರ್ಟನ್‌ಗಳಲ್ಲಿ ಇದನ್ನು ಜರ್ನಲ್ ಎನ್ನುತ್ತಾರೆ. ವಿಧಾನ ತೀರಾ ಸರಳ. ಪ್ರತಿ ಮಗುವಿಗೆ ಒಂದು ಸಾದಾ ಡ್ರಾಯಿಂಗ್ ಪುಸ್ತಕ. ದಿನಕ್ಕೆ ಹತ್ತು ಹದಿನೈದು ನಿಮಿಷ, ದಿನಕ್ಕೊಂದೇ ಪುಟ. ಮೇಲೆ ಆ ದಿನದ ತಾರೀಖು.

ಮೊದಲ ಹಂತದಲ್ಲಿ ಮಗು ತನಗೆ ಬೇಕಾದ ಚಿತ್ರ ಬರೆಯುತ್ತದೆ. ಟೀಚರ್ ‘ಇದೇನಪ್ಪಾ?’ ಎಂದು ಕೇಳಿ, ಮಗು ಹೇಳಿದ್ದನ್ನು ಅದರ ಮಾತಲ್ಲೇ ಕೆಳಗೆ ಬರೆಯುತ್ತಾರೆ. ತಾನು ಆಡಿದ ಮಾತು ಅಕ್ಷರವಾಗುವುದನ್ನು ಮಗು ಕಣ್ಣಾರೆ ನೋಡುತ್ತದೆ. ಎರಡನೇ ಹಂತದಲ್ಲಿ ಮಗು ತನ್ನ ಹೆಸರು ಬರೆಯುತ್ತದೆ, ಆಮೇಲೆ ಚಿತ್ರದ ಪಕ್ಕ ಗೊತ್ತಿರುವ ಒಂದು ಅಕ್ಷರ. ಮೂರನೇ ಹಂತದಲ್ಲಿ ಒಂದು ಪದ. ಆನೆ ಬರೆದು ಅಂಬಾರಿ ಕೂರಿಸಿ ಕೆಳಗೆ ‘ದಸರ’ ಎಂದು ತಾನೇ ಬರೆದ ಮಗುವಿಗೆ ಸಿಗುವ ಹುಮ್ಮಸ್ಸು ‘ರ’ವನ್ನು ನೂರು ಸಲ ತಿದ್ದಿದ ಮಗುವಿಗೆ ಸಿಗಲ್ಲ.

ಕೈಗೂ ಲಾಭ ಇದೆ. ಸೂರ್ಯ, ಚಕ್ರ, ಲಾಡು, ಬಸವನಹುಳ ಬರೆಯುವಾಗ ಮಗು ಯಾರೂ ಹೇಳದೆಯೇ ಸುತ್ತುವ ಅಭ್ಯಾಸ ಮಾಡುತ್ತಿರುತ್ತದೆ. ಕನ್ನಡಕ್ಕೆ ಬೇಕಾದ ತಯಾರಿ ಅದೇ.

ಚುಕ್ಕಿ ಮೇಲೆ ತಿದ್ದುವುದಕ್ಕೂ ಸ್ವಂತ ಕೈಯಲ್ಲಿ ಬರೆಯುವುದಕ್ಕೂ ವ್ಯತ್ಯಾಸವಿದೆ ಎಂದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಇನ್ನೂ ಓದು ಬಾರದ ಐದು ವರ್ಷದ ಆಸುಪಾಸಿನ ಮಕ್ಕಳಿಗೆ ಕೆಲವು ಅಕ್ಷರಗಳನ್ನು ಸ್ವಂತ ಕೈಯಲ್ಲಿ ಬರೆಸಿದರು, ಕೆಲವನ್ನು ತಿದ್ದಿಸಿದರು, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿಸಿದರು. ಆಮೇಲೆ ಆ ಅಕ್ಷರ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದಾಗ, ಓದಿಗೆ ಸಂಬಂಧಿಸಿದ ಭಾಗಗಳು ಚುರುಕಾಗಿದ್ದು ಸ್ವಂತ ಕೈಯಲ್ಲಿ ಬರೆದ ಅಕ್ಷರಗಳಿಗೆ. ಅಧ್ಯಯನ ಸಣ್ಣದು, ಅಕ್ಷರ ಇಂಗ್ಲಿಷಿನದು. ಆದರೂ ಅಂಗಡಿಯಲ್ಲಿ ರಾಶಿ ಬಿದ್ದಿರುವ ಚುಕ್ಕಿ ಪುಸ್ತಕಗಳ ಬಗ್ಗೆ ಒಮ್ಮೆ ಯೋಚಿಸಲು ಇಷ್ಟು ಸಾಕು.

ಇದೊಂದರಿಂದಲೇ ಎಲ್ಲ ಆಗಲ್ಲ

ಪುಸ್ತಕ ಕೊಟ್ಟು ಮಗುವನ್ನು ಅದರ ಪಾಡಿಗೆ ಬಿಟ್ಟರೆ ಅಕ್ಷರ ದುಂಡಗಾಗಲ್ಲ. ಅಕ್ಷರ ಎಲ್ಲಿ ಶುರು, ಯಾವ ಕಡೆ ತಿರುವು, ಎಲ್ಲಿ ಮುಗಿತಾಯ ಎಂಬುದನ್ನು ಟೀಚರ್ ಬೋರ್ಡಿನ ಮೇಲೆ ದೊಡ್ಡದಾಗಿ ತೋರಿಸಲೇಬೇಕು. ಉಲ್ಟಾ ಕಡೆಯಿಂದ ಬರೆದು ರೂಢಿಯಾದ ಅಕ್ಷರವನ್ನು ಆಮೇಲೆ ತಿದ್ದುವುದು ಕಷ್ಟ. ಹಾಗಾಗಿ ಐದು ನಿಮಿಷ ಕಲಿಸುವುದು, ಹತ್ತು ನಿಮಿಷ ದಿನಚರಿ ಪುಸ್ತಕ. ಎರಡೂ ಬೇಕು.

ಅಂಗನವಾಡಿ ಕಾರ್ಯಕರ್ತೆಯರ ಕಷ್ಟವೂ ನಿಜ. ಮೂರರಿಂದ ಆರು ವರ್ಷದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಜೊತೆಗೆ ಊಟ, ತೂಕ, ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್, ಸಮೀಕ್ಷೆ. ಪ್ರತಿ ಮಗುವಿನ ಪಕ್ಕ ದಿನಾ ಕೂರಲು ಆಗಲ್ಲ. ದಿನಕ್ಕೆ ನಾಲ್ಕೈದು ಮಕ್ಕಳ ಹತ್ತಿರ ಕೂತು ಮಾತಾಡಿ ಬರೆದರೂ ವಾರದಲ್ಲಿ ಎಲ್ಲರ ಸರದಿ ಬರುತ್ತದೆ. ಆದರೆ ಪುಸ್ತಕ, ಬಣ್ಣದ ಬಳಪಕ್ಕೆ ಕಾರ್ಯಕರ್ತೆ ತನ್ನ ಜೇಬಿಂದ ಹಣ ಹಾಕುವಂತೆ ಆಗಬಾರದು. ಆ ಜವಾಬ್ದಾರಿ ಇಲಾಖೆಯದ್ದು. ಊರಿನವರೂ ಪಂಚಾಯಿತಿಯೂ ಕೈಜೋಡಿಸಿದರೆ ಒಂದು ಕೇಂದ್ರದ ಪುಸ್ತಕದ ಖರ್ಚು ದೊಡ್ಡ ಮಾತಲ್ಲ.

ಮನೆಯವರು, ಅಂಗಡಿಯವರು ಏನು ಮಾಡಬಹುದು?

ಮನೆಯಲ್ಲಿ: ಬೆರಳಿಗೆ ಬಲ ಬರುವುದು ಪೆನ್ಸಿಲಿಂದ ಮಾತ್ರ ಅಲ್ಲ. ಅವರೆಕಾಯಿ ಸುಲಿಯುವುದು, ಚಪಾತಿ ಹಿಟ್ಟು ಹಿಸುಕುವುದು, ರಂಗೋಲಿ ಪುಡಿ ಬಿಡುವುದು, ಹೂ ಪೋಣಿಸುವುದು, ಅಂಗಿ ಗುಂಡಿ ತಾನೇ ಹಾಕಿಕೊಳ್ಳುವುದು ಎಲ್ಲ ಬರವಣಿಗೆಯ ತಯಾರಿಯೇ. ಮೊಬೈಲ್ ಉಜ್ಜುವ ಬೆರಳಿಗೆ ಈ ಬಲ ಬರಲ್ಲ. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ಬಲವಂತ ಮಾಡುವುದು ಬೇಡ. ದಿನಚರಿ ಪುಸ್ತಕದಲ್ಲಿ ಅಕ್ಷರ ಸೊಟ್ಟ ಇದ್ದರೆ ಅಳಿಸಿ ಬರೆಸುವುದೂ ಬೇಡ. ‘ಏನ್ ಬರ್ದಿದ್ದೀಯ, ಓದಿ ಹೇಳು’ ಎಂದರೆ ಸಾಕು.

ಅಂಗಡಿಯಲ್ಲಿ: ಶಾಲೆಯ ಪಟ್ಟಿಯಲ್ಲಿ ಇಲ್ಲದಿದ್ದರೂ ಗೆರೆಯಿಲ್ಲದ ಪುಸ್ತಕ, ದಪ್ಪ ಬಣ್ಣದ ಬಳಪ, ದಪ್ಪನೆಯ ಮೂರು ಮೂಲೆಯ ಪೆನ್ಸಿಲ್ ಮುಂದಿಟ್ಟರೆ ಕೇಳಿ ಒಯ್ಯುವವರಿದ್ದಾರೆ. ‘ಎಲ್‌ಕೆಜಿ ಮಗೂಗೆ ಏನ್ ಕೊಡ್ಲಿ?’ ಎಂದು ಮೊದಲು ಸಲಹೆ ಕೇಳುವುದು ಅಂಗಡಿಯವರನ್ನೇ. ಮುರಿದ ಬಳಪದ ತುಂಡು ಎಸೆಯಬೇಡಿ ಎಂದೂ ಹೇಳಬಹುದು. ಚಿಕ್ಕ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗಲ್ಲ, ಮಗು ತಾನಾಗಿಯೇ ಬೆರಳ ತುದಿಯಲ್ಲಿ ಹಿಡಿಯುತ್ತದೆ.

ಮೂರನೇ ತರಗತಿ ಮುಗಿಯುವಷ್ಟರಲ್ಲಿ ಎಲ್ಲ ಮಕ್ಕಳಿಗೂ ಓದು, ಬರಹ, ಲೆಕ್ಕದ ಬುನಾದಿ ಸಿಗಬೇಕು, ಅದೂ 2026-27ರೊಳಗೆ ಎಂಬುದು 2021ರಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆಯ ಗುರಿ. ಆ ಬುನಾದಿ ಬೀಳುವುದು ಯುಕೆಜಿಯ ಕೋಣೆಯಲ್ಲಿ, ಅಂಗನವಾಡಿಯ ಚಾಪೆಯ ಮೇಲೆ. ಬರವಣಿಗೆ ಎಂದರೆ ಕೈನೋವು ಎಂದು ಐದನೇ ವರ್ಷಕ್ಕೇ ತೀರ್ಮಾನಿಸಿದ ಮಗುವನ್ನು ಎಂಟನೇ ವರ್ಷದಲ್ಲಿ ಹುರಿದುಂಬಿಸುವುದು ಸುಲಭವಲ್ಲ.

ಪೋಷಕರ ಸಭೆಗೆ ಹೋದಾಗ ಎಷ್ಟು ಪುಟ ಆಯ್ತು ಎನ್ನುವ ಬದಲು ಜೂನ್ ತಿಂಗಳ ಒಂದು ಪುಟ, ದಸರಾ ರಜೆಗೆ ಮುಂಚಿನ ಒಂದು ಪುಟ ಪಕ್ಕಪಕ್ಕ ಇಟ್ಟು ತೋರಿಸಿ ಎಂದು ಕೇಳಬಹುದು. ತಾರೀಖು ಹಾಕಿದ ದಿನಚರಿ ಪುಸ್ತಕದಲ್ಲಿ ಅದು ಒಂದು ನಿಮಿಷದ ಕೆಲಸ. ಗೀಚು ಗೆರೆ ಸುತ್ತಾಗಿ, ಸುತ್ತು ‘ರ’ ಆಗಿದ್ದರೆ ಮಗು ಕಲಿಯುತ್ತಿದೆ ಎಂದೇ ಅರ್ಥ.