‘ಕಳೆದುಹೋಯಿತು’ ಎಂದು ಬರೆಯಿರಿ

“ಏರಿಯಾ ಸೇಫಾ?” ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಹೆಣ್ಣುಮಕ್ಕಳೆಲ್ಲ ಈ ಪ್ರಶ್ನೆ ಕೇಳಿಯೇ ಇರುತ್ತಾರೆ. ಕಾವೇರಿ ನೀರು ಬರುತ್ತಾ, ಅಡ್ವಾನ್ಸ್ ಎಷ್ಟು ಎನ್ನುವುದರ ಜೊತೆಗೆ ಇದೂ ಒಂದು. ನಾನೂ ಕೇಳಿದೆ. “ಚಿಂತೇನೇ ಬೇಡ ಮೇಡಂ, ಎಲ್ಲಾ ಡೀಸೆಂಟ್ ಫ್ಯಾಮಿಲಿಗಳೇ ಇರೋದು” ಅಂದ ಬ್ರೋಕರ್. ಅಲ್ಲಿ ಏನು ನಡೆಯುತ್ತದೆ ಎಂದು ನಾನು ಕೇಳಿದ್ದೆ. ಯಾರಿದ್ದಾರೆ ಎಂದು ಅವನು ಹೇಳಿದ. ಆಗ ನನಗೂ ಅದು ಸರಿಯಾದ ಉತ್ತರವೆಂದೇ ಅನ್ನಿಸಿತು.

ಅದಕ್ಕೆ ಮೊದಲು ಎರಡು ವರ್ಷ ಮೈಸೂರು ರಸ್ತೆಯ ಪಕ್ಕ, ಗೋರಿಪಾಳ್ಯದಲ್ಲಿದ್ದೆ. ಬಾಡಿಗೆ ಕಡಿಮೆ, ಮಾರ್ಕೆಟ್ಟು ಹತ್ತಿರ. ವಿಳಾಸ ಹೇಳಿದರೆ ಜನರ ಮುಖ ಸಣ್ಣಗಾಗುತ್ತಿತ್ತು. ಆಟೋದವರು “ಅಲ್ಲಿಗಾ?” ಎನ್ನುತ್ತಿದ್ದರು. ಮನೆ ಬಿಟ್ಟಾಗ ಆಫೀಸಿನವರೆಲ್ಲ “ಸದ್ಯ, ಹೊರಗೆ ಬಂದ್ಯಲ್ಲ” ಅಂದರು, ಜೈಲಿನಿಂದ ಬಿಡುಗಡೆಯಾದವಳಿಗೆ ಹೇಳುವ ಹಾಗೆ.

ಹೊಸ ಲೇಔಟಿನಲ್ಲಿ ಎರಡೂ ಬದಿ ಮರ, ಪಾರ್ಕು, ಗೇಟಿಗೊಬ್ಬ ವಾಚ್‌ಮನ್. ಕಳೆದ ವರ್ಷ, ಸಂಜೆ ಏಳೂಮುಕ್ಕಾಲಕ್ಕೆ, ಪಾರ್ಕಿನ ಹಿಂದಿನ ರಸ್ತೆಯಲ್ಲಿ ಅಮ್ಮನ ಜೊತೆ ಮಾತಾಡುತ್ತ ನಡೆಯುತ್ತಿದ್ದೆ. ಸ್ಕೂಟರಿನಲ್ಲಿ ಬಂದ ಇಬ್ಬರು ಹುಡುಗರು ಫೋನ್ ಕಿತ್ತುಕೊಂಡು ಹೋದರು. ಬಿದ್ದು ಮೊಣಕೈ ತರಚಿತು. ಕೂಗಿದೆ. ಎರಡು ಮನೆಗಳ ನಾಯಿಗಳು ಬೊಗಳಿದವು, ಅಷ್ಟೇ.

ಠಾಣೆಯಲ್ಲಿದ್ದವರು ಕೆಟ್ಟವರೇನಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಮೇಲೆ ಹೇಳಿದರು: “ಫೋನ್ ಕಳೆದೋಯ್ತು ಅಂತ ಬರೀರಿ ಮೇಡಂ. ಇ-ಲಾಸ್ಟ್‌ನಲ್ಲಿ ಹಾಕಿದ್ರೆ ಹೊಸ ಸಿಮ್ ಬೇಗ ಸಿಗುತ್ತೆ. ಎಫ್‌ಐಆರ್ ಅಂದ್ರೆ ಕೋರ್ಟು ಗೀರ್ಟು ಅಂತ ನೀವೇ ಅಲೀಬೇಕು.”

ಕರಡು ತಿದ್ದಿ ಹೊಟ್ಟೆ ಹೊರೆಯುವವಳು ನಾನು. ಒಂದು ಕ್ರಿಯಾಪದ ಬದಲಾದರೆ ಏನಾಗುತ್ತದೆ ಎಂದು ಬೇರೆಯವರಿಗೆ ಪಾಠ ಹೇಳುತ್ತೇನೆ. ಆದರೂ ಬರೆದುಕೊಟ್ಟೆ. ‘ಕಳೆದುಹೋಯಿತು’ ಎಂದ ಕೂಡಲೇ ಆ ಇಬ್ಬರು ಹುಡುಗರೂ ಸ್ಕೂಟರೂ ವಾಕ್ಯದಿಂದಲೇ ಮಾಯ. ತರಚಿದ ಮೊಣಕೈ ನನ್ನ ಅಜಾಗರೂಕತೆ. ನಮ್ಮ ಲೇಔಟಿನಲ್ಲಿ ಆ ದಿನ ಅಪರಾಧವೇ ನಡೆಯಲಿಲ್ಲ.

ಸೇಫ್ ಏರಿಯಾ ಎನ್ನುವುದು ಹುಟ್ಟುವುದು ಹೀಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷ ಕೊಡುವ ಅಂಕಿಗಳು ದಾಖಲಾದ ಪ್ರಕರಣಗಳ ಲೆಕ್ಕ. ಅಪರಾಧ ಹೆಚ್ಚುವುದೂ ದಾಖಲಾತಿ ಹೆಚ್ಚುವುದೂ ಬೇರೆಬೇರೆ ಎಂದು ಬ್ಯೂರೋವೇ ತನ್ನ ವರದಿಯಲ್ಲಿ ಎಚ್ಚರಿಸುತ್ತದೆ. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧಗಳಿದ್ದರೆ ಅತಿ ಹೆಚ್ಚು ಶಿಕ್ಷೆಯದ್ದು ಮಾತ್ರ ಎಣಿಕೆಗೆ ಬರುತ್ತದೆ. ಇದನ್ನೆಲ್ಲ ಓದುವವರು ಯಾರು? ಟಿವಿಯಲ್ಲಿ ‘ಕ್ರೈಂ ಹೆಚ್ಚಳ’ ಎಂದು ಕೆಂಪಕ್ಷರದಲ್ಲಿ ಬಂದರೆ ಆಯಿತು. ಕಷ್ಟಪಟ್ಟು ದೂರು ಬರೆದುಕೊಳ್ಳುವ ಠಾಣೆ ಕುಖ್ಯಾತವಾಗುತ್ತದೆ, ನಯವಾಗಿ ಸಾಗಹಾಕುವ ಠಾಣೆಯ ಸರಹದ್ದು ಸುರಕ್ಷಿತವಾಗುತ್ತದೆ.

ಕಾನೂನಿನಲ್ಲಿ ಗೊಂದಲವಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್ ಕಿತ್ತುಕೊಂಡು ಓಡುವುದನ್ನೇ ಪ್ರತ್ಯೇಕ ಅಪರಾಧವಾಗಿಸಿದೆ. ನನಗಾದದ್ದಕ್ಕೆ ಸರಿಯಾದ ಹೆಸರು ಪುಸ್ತಕದಲ್ಲಿತ್ತು. ಅದನ್ನು ಬರೆಯುವ ಕೈ ಇರಲಿಲ್ಲ, ನನ್ನದೂ ಸೇರಿ.

ಇನ್ನು ಆ ರಸ್ತೆ. ಅದೇ ಮೂಲೆಯಲ್ಲಿ ಒಂದು ಬಜ್ಜಿ ಗಾಡಿ, ಪಕ್ಕದಲ್ಲಿ ಹೂವಿನಮ್ಮ ಇದ್ದರಂತೆ. ರಾತ್ರಿ ಒಂಬತ್ತೂವರೆಯವರೆಗೂ ಬಲ್ಬು ಉರಿಯುತ್ತಿತ್ತಂತೆ. “ಕಂಡಕಂಡವರು ಬಂದು ನಿಲ್ತಾರೆ, ಸೇಫ್ಟಿ ಇಲ್ಲ” ಎಂದು ಅಸೋಸಿಯೇಷನ್ನಿನವರೇ ದೂರು ಕೊಟ್ಟು ಎತ್ತಿಸಿದರು. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರ ಕಾಯ್ದೆಯೊಂದಿದೆ ಎಂದು ಅವರಿಗೆ ಯಾರೂ ನೆನಪಿಸಲಿಲ್ಲ. ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿಯವರ, ಓಡಾಡುವವರ ಕಣ್ಣುಗಳು ಎಂದು ಜೇನ್ ಜೇಕಬ್ಸ್ 1961ರಲ್ಲಿ ನ್ಯೂಯಾರ್ಕಿನ ಬೀದಿಗಳನ್ನು ನೋಡಿ ಬರೆದಳು. ಗೋರಿಪಾಳ್ಯದ ನನ್ನ ಗಲ್ಲಿಯಲ್ಲಿ ಇದಕ್ಕೆ ಪುಸ್ತಕ ಬೇಕಿರಲಿಲ್ಲ. ರಾತ್ರಿ ಹತ್ತಕ್ಕೆ ಬಂದರೂ ಬೇಕರಿ ತೆರೆದಿರುತ್ತಿತ್ತು, ಹೊಸಿಲಲ್ಲಿ ಕೂತು ಅಗರಬತ್ತಿ ಹೊಸೆಯುವ ಹೆಂಗಸರು “ಯಾಕಮ್ಮಾ ಇಷ್ಟು ಲೇಟು?” ಎಂದು ಗದರುತ್ತಿದ್ದರು. ಕಿರಿಕಿರಿಯಾಗುತ್ತಿತ್ತು, ನಿಜ. ನಾನು ಏನು ಉಟ್ಟೆ, ಯಾರು ಡ್ರಾಪ್ ಮಾಡಿದರು ಎಲ್ಲ ಅವರಿಗೆ ಗೊತ್ತು. ಆದರೆ ಕೂಗಿದರೆ ಹತ್ತು ಬಾಗಿಲು ತೆರೆಯುತ್ತಿದ್ದವು.

ಅದೇನು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಕುಡಿದು ಹೊಡೆದಾಡುವವರಿದ್ದರು, ಗಾಂಜಾ ಇತ್ತು, ಒಮ್ಮೆ ಒಬ್ಬ ಮೂರು ದಿನ ಹಿಂದೆಯೇ ಬಂದ. ಹೆಣ್ಣಿಗೆ ಕತ್ತಲಲ್ಲಿ ಆಗುವ ಭಯ ಸುಳ್ಳಲ್ಲ, ಅದನ್ನು ಯಾರೂ ನನಗೆ ವಿವರಿಸಬೇಕಿಲ್ಲ. ನನ್ನ ಜಗಳ ಆ ಭಯಕ್ಕೆ ನಕ್ಷೆ ಬರೆದುಕೊಡುವವರ ಜೊತೆ. ದೇಶದಲ್ಲಿ ಮಹಿಳೆಯರ ಮೇಲಿನ ಅಪರಾಧಗಳೆಂದು ದಾಖಲಾಗುವುದರಲ್ಲಿ ದೊಡ್ಡ ಪಾಲು ಗಂಡ ಮತ್ತು ಅವನ ಮನೆಯವರ ಕ್ರೌರ್ಯದ್ದು. ಡೀಸೆಂಟ್ ಫ್ಯಾಮಿಲಿಗಳ ಕಾಂಪೌಂಡಿನ ಒಳಗೆ ಏನಾಗುತ್ತದೆ ಎಂದು ಬ್ರೋಕರನ್ನು ಕೇಳುವವರಿಲ್ಲ.

ಆ ನಕ್ಷೆ ಬರೆಯುವವರು ಬರೀ ಬ್ರೋಕರುಗಳೂ ಅಲ್ಲ. 2024ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ವಿಚಾರಣೆಯ ನಡುವೆ ಗೋರಿಪಾಳ್ಯದ ಕಡೆಯನ್ನು ಪಾಕಿಸ್ತಾನ ಎಂದುಬಿಟ್ಟರು. ಸುಪ್ರೀಂ ಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು, ಅವರು ವಿಷಾದ ಹೇಳಿದರು, ಭಾರತದ ಯಾವ ಭಾಗವನ್ನೂ ಯಾರೂ ಹಾಗೆ ಕರೆಯುವಂತಿಲ್ಲ ಎಂದು ಹೇಳಿ ಸೆಪ್ಟೆಂಬರಿನಲ್ಲಿ ಪೀಠ ಪ್ರಕರಣ ಮುಗಿಸಿತು. ಆ ವಿಡಿಯೋ ನೋಡಿದಾಗ ನನಗೆ ನೆನಪಾದದ್ದು “ಅಲ್ಲಿಗಾ?” ಎಂದ ಆಟೋದವರು, “ಸದ್ಯ” ಎಂದ ಗೆಳತಿಯರು. ಸುಮ್ಮನೆ ನಕ್ಕ ನಾನು.

ಒಂದು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಮತ್ತೆ ಹೋಗಿ ‘ಕಿತ್ತುಕೊಂಡು ಹೋದರು’ ಎಂದು ಬರೆದ ಇನ್ನೊಂದು ದೂರು ಕೊಟ್ಟೆ. ತೆಗೆದುಕೊಳ್ಳದಿದ್ದಾಗ ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಿದೆ, ಅದಕ್ಕೂ ಕಾನೂನಿನಲ್ಲಿ ದಾರಿಯಿದೆ. ಸುದ್ದಿ ತಿಳಿದು ಅಸೋಸಿಯೇಷನ್ನಿನ ಕಾರ್ಯದರ್ಶಿ ಅಂಕಲ್ ಮನೆಗೇ ಬಂದರು. “ಒಂದು ಫೋನಿಗೋಸ್ಕರ ಯಾಕಮ್ಮ? ಏರಿಯಾ ಹೆಸರು ಕೆಡುತ್ತೆ. ನಾಳೆ ಬಾಡಿಗೆಗೆ ಯಾರು ಬರ್ತಾರೆ?” ಅಂದರು. ಕಾಫಿ ಕೊಟ್ಟು ಕಳಿಸಿದೆ.

ಹದಿನೆಂಟನೇ ದಿನ ಎಫ್‌ಐಆರ್ ಆಯಿತು. ಫೋನ್ ಇನ್ನೂ ಸಿಕ್ಕಿಲ್ಲ. ಹೋದ ತಿಂಗಳ ಮೀಟಿಂಗಿನಲ್ಲಿ ಬಜ್ಜಿ ಗಾಡಿಯನ್ನೂ ಹೂವಿನಮ್ಮನನ್ನೂ ವಾಪಸು ಕರೆಸೋಣ ಎಂದೆ. ಯಾರೂ ಮಾತಾಡಲಿಲ್ಲ. ಮುಂದಿನ ವಿಷಯಕ್ಕೆ ಹೋದರು: ನಾಲ್ಕು ಕ್ಯಾಮೆರಾ, ಮನೆಗೆ ಎರಡೂವರೆ ಸಾವಿರ.