ಥ್ರೆಡ್ ಹೋದರೆ ಎಂಜಿನ್ ಹೋದಂತಲ್ಲ

ಹಳೇ ಯೆಜ್ಡಿ ಈಗಲೂ ಮಂಗಳೂರಿನ ರಸ್ತೆಗಳಲ್ಲಿ ಓಡುತ್ತಿದೆ. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಾಗಿ ಎಂಜಿನ್ ಕೇಸ್ ಕೆಟ್ಟರೆ ಇನ್ನೊಂದು ಸಿಗೋದು ಕಷ್ಟ.

ಗೇರ್ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಉಕ್ಕಿನದು, ಕೇಸ್ ಅಲ್ಯೂಮಿನಿಯಂ. ಆಯಿಲ್ ಸೋರುತ್ತದೆ ಅಂತ ವಾಷರ್ ಬದಲಿಸದೆ ಬಿಗಿಯುತ್ತಲೇ ಹೋದರೆ ಕಿತ್ತು ಬರೋದು ಕೇಸಿನ ಥ್ರೆಡ್. ಆಮೇಲೆ ಸೀಲಂಟ್ ಮೆತ್ತೋದು ರಿಪೇರಿ ಅಲ್ಲ ಮಾರಾಯ್ರೆ!

ನಮ್ಮ ಓಟು ಹೆಲಿಕಾಯಿಲ್‌ಗೆ. ಹಾಳಾದ ಥ್ರೆಡ್ ಕೊರೆದು, ಟ್ಯಾಪ್ ಹಾಕಿ, ಸ್ಟೀಲ್ ಸುರುಳಿ ಕೂರಿಸಿದರೆ ಹಳೇ ಅಳತೆಯ ಬೋಲ್ಟೇ ಹಿಡಿಯುತ್ತದೆ. ಲೋಹದ ಚೂರು ಒಳಗುಳಿಯದಂತೆ ತೊಳೆಯಲೇಬೇಕು.

ಲ್ಯಾಬಿನಲ್ಲಿ ಹೊಸ ಕಬ್ಬಿಣದ ತುಂಡಿಗೆ ಟ್ಯಾಪ್ ಹಾಕಿ ಮಾರ್ಕ್ಸ್ ತಗೊಳ್ಳುವ ನಮಗೆ, ಕೆಟ್ಟದ್ದನ್ನು ಉಳಿಸುವ ಪಾಠ ಎಲ್ಲಿದೆ? ಗುಜರಿಯಿಂದ ಒಂದು ಹಳೇ ಕೇಸ್ ತಂದು ಲ್ಯಾಬಿನ ಮೇಜಿನ ಮೇಲಿಡಿ. ಉಳಿದದ್ದನ್ನು ನಮ್ಮ ಕೈಗಳೇ ಕಲಿಯುತ್ತವೆ.