ಒಂದು ಗುಹೆ, ಎರಡು ಹೆಸರು

ಮಲೆನಾಡಿನಲ್ಲಿ ಆಷಾಢದ ಸಂಜೆಗೆ ಅವಸರವಿಲ್ಲ. ಚಂದ್ರದ್ರೋಣ ಪರ್ವತದ ಮೇಲಿನ ಮೋಡ ಮೂಡಿಗೆರೆಯ ಕಾಫಿ ತೋಟಗಳವರೆಗೂ ಇಳಿದು, ಅಂಗಳದಾಚೆಯ ಸಿಲ್ವರ್ ಮರಗಳು ಕಾಣದಂತಾದ ಮೇಲೆ, ಬಿಸಿ ಕಾಫಿ ಕುಡಿಯುತ್ತ ಮಾತನಾಡುವುದನ್ನು ಬಿಟ್ಟರೆ ಮನೆಮಂದಿಗೆ ಬೇರೆ ಉದ್ಯೋಗ ಉಳಿಯುವುದಿಲ್ಲ. ಅಂತಹ ಒಂದು ತೋಟದ ಮನೆಯಲ್ಲಿ ಮಳೆಗಾಲದ ನಾಲ್ಕಾರು ಸಂಜೆಗಳು ಒಂದು ವಿಚಿತ್ರ ಚರ್ಚೆಯಲ್ಲಿ ಕಳೆದುವು. ಚರ್ಚೆಯ ವಸ್ತು ಮೆಣಸಿನ ಧಾರಣೆಯಲ್ಲ, ಕಾಡಾನೆಯ ಹಾವಳಿಯೂ ಅಲ್ಲ. ಭೂಮಿಯಿಂದ ಬಹುದೂರದಲ್ಲಿ ಇರುವುದೆಂದು ಕಥೆಗಾರರು ಕಲ್ಪಿಸಿದ ಒಂದು ಬಾಹ್ಯಾಕಾಶ ನಿಲ್ದಾಣ.

‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯ ಹೆಸರನ್ನು ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. 1993ರ ಜನವರಿಯಲ್ಲಿ ಆರಂಭವಾದ ಈ ಕಥೆ ಏಳು ಆವೃತ್ತಿಗಳಲ್ಲಿ ಹರಿದು 1999ರ ಜೂನ್ ತಿಂಗಳಿನಲ್ಲಿ ಮುಗಿಯಿತು. ಅದಕ್ಕೆ ಮುಂಚಿನ ‘ಸ್ಟಾರ್ ಟ್ರೆಕ್’ ಕಥೆಗಳಲ್ಲಿ ನೌಕೆಯೊಂದು ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸುತ್ತ, ಕಂಡ ಲೋಕದ ತೊಡಕನ್ನು ಬಿಡಿಸಿ ಮುಂದೆ ಸಾಗುತ್ತಿತ್ತು. ಇಲ್ಲಿಯಾದರೋ ನಿಲ್ದಾಣವು ನಿಂತಲ್ಲಿಯೇ ನಿಂತಿರುತ್ತದೆ. ಇದನ್ನು ಕಂಡು ಹಳೆಯ ಅಭಿಮಾನಿಗಳಲ್ಲಿಯೇ ಅನೇಕರು ಮೊದಮೊದಲು ಮೂಗು ಮುರಿದರು. ಆದರೆ ಒಂದೆಡೆ ನಿಂತವರಿಗೆ ನೆರೆಹೊರೆ ಎಂಬುದು ಹುಟ್ಟಿಕೊಳ್ಳುತ್ತದೆ. ಇಂದು ಆಡಿದ ಮಾತಿಗೆ ನಾಳೆ ಅದೇ ಮುಖದೆದುರು ನಿಂತು ಉತ್ತರ ಹೇಳಬೇಕಾಗುತ್ತದೆ. ಈ ರುಚಿ ಹತ್ತಿದ ಅಭಿಮಾನಿಗಳು ಕಥೆ ಮುಗಿದು ಸುಮಾರು ಎರಡು ದಶಕಗಳಾದ ಮೇಲೂ ಅದನ್ನು ಮರೆಯಲಿಲ್ಲ. ಆರು ಲಕ್ಷ ಡಾಲರುಗಳಿಗೂ ಹೆಚ್ಚು ಹಣವನ್ನು ತಾವೇ ಕೂಡಿಸಿಕೊಟ್ಟು, ಅದರ ವಿಷಯವಾಗಿ ಒಂದು ಸಾಕ್ಷ್ಯಚಿತ್ರ 2018ರಲ್ಲಿ ಹೊರಬರುವಂತೆ ಮಾಡಿದರು.

ತೋಟದ ಮನೆಗೆ ಈ ಕಥೆಯನ್ನು ಡಿವಿಡಿಗಳಲ್ಲಿ ತಂದವನು ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ಮಗ. ಅವನೂ, ವೈದ್ಯಕೀಯ ಓದುತ್ತಿರುವ ತಂಗಿಯೂ ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಬಾರಿ ನೋಡಿದವರು. ತಂದೆ ಹೊಸ ಪ್ರೇಕ್ಷಕರು. ಸಂಜೆಯ ಹೊತ್ತಿಗೆ ಛತ್ರಿ ಹಿಡಿದು ಬರುವ ನಿವೃತ್ತ ವಿಜ್ಞಾನದ ಮೇಷ್ಟರು ಮತ್ತೊಬ್ಬರು. ಎಂಬತ್ತರ ಗಡಿಯಲ್ಲಿರುವ ಅಜ್ಜಿ ಮೂಲೆಯ ಕುರ್ಚಿಯಲ್ಲಿ ಕುಳಿತು ಅಡಕೆ ಕತ್ತರಿಸುತ್ತ, ಮೊಮ್ಮಗಳು ಆಗಾಗ ಕನ್ನಡದಲ್ಲಿ ಹೇಳಿದಷ್ಟನ್ನು ಕೇಳಿಸಿಕೊಳ್ಳುವರು.

ಕಥೆಯ ಸಾರವಿಷ್ಟು. ಬಜೋರ್ ಎಂಬ ಲೋಕವನ್ನು ಕಾರ್ಡಾಸಿಯನ್ನರು ಅರ್ಧ ಶತಮಾನದಷ್ಟು ಕಾಲ ಆಕ್ರಮಿಸಿಕೊಂಡು ಸೂರೆಮಾಡಿ ಹೊರಟುಹೋಗಿದ್ದಾರೆ. ಅವರು ಬಿಟ್ಟುಹೋದ ನಿಲ್ದಾಣವನ್ನು ನಡೆಸಲು ಭೂಮಿಯಿಂದ ಬೆಂಜಮಿನ್ ಸಿಸ್ಕೊ ಎಂಬ ಅಧಿಕಾರಿ ಬರುತ್ತಾನೆ. ಹತ್ತಿರದಲ್ಲಿಯೇ ಆಕಾಶದಲ್ಲೊಂದು ಬಿಲದ್ವಾರ ಪತ್ತೆಯಾಗುತ್ತದೆ; ಅದರೊಳಗೆ ನುಗ್ಗಿದ ನೌಕೆ ಕ್ಷಣಾರ್ಧದಲ್ಲಿ ಬ್ರಹ್ಮಾಂಡದ ಬಹುದೂರದ ಮೂಲೆಯಲ್ಲಿ ಹೊರಬರುತ್ತದೆ. ಆ ಬಿಲದೊಳಗೆ, ನಿನ್ನೆ ನಾಳೆಗಳ ಭೇದವನ್ನೇ ಅರಿಯದ ಕೆಲವು ಜೀವಗಳಿವೆ. ಕಾಲವೆಂದರೇನೆಂದು ಅವಕ್ಕೆ ತಿಳಿಸಲು ಸಿಸ್ಕೊ ಬೇಸ್‌ಬಾಲ್ ಆಟವನ್ನು ದೃಷ್ಟಾಂತವಾಗಿ ಹಿಡಿಯುತ್ತಾನೆ: ಮುಂದಿನ ಚೆಂಡು ಎತ್ತ ಹೋಗುವುದೆಂದು ತಿಳಿಯದಿರುವುದರಿಂದಲೇ ಅದು ಆಟ. ಭೂಮಿಯ ಅಧಿಕಾರಿಗಳ ಪಾಲಿಗೆ ಆ ಜೀವಗಳು ಅನ್ಯಲೋಕದ ಪ್ರಾಣಿಗಳು. ಬಜೋರಿನ ಜನಕ್ಕೆ ಅವೇ ದೇವತೆಗಳು, ಆ ಬಿಲವೇ ದಿವ್ಯಮಂದಿರ.

ಈ ಎರಡು ಹೆಸರುಗಳ ಜಗಳ ಮೊದಲ ಆವೃತ್ತಿಯ ಕೊನೆಯ ಕಂತಿನಲ್ಲಿ ನಿಲ್ದಾಣದ ಶಾಲೆಗೆ ಬಂದು ಮುಟ್ಟುತ್ತದೆ. ಕೀಕೊ ಎಂಬ ಉಪಾಧ್ಯಾಯಿನಿ ಮಕ್ಕಳಿಗೆ ಆ ಬಿಲದ ಪಾಠವನ್ನು ಹೇಳುತ್ತಿರುವಾಗ ವಿನ್ ಎಂಬ ಧರ್ಮಾಧಿಕಾರಿಣಿ ಬಂದು, ದೇವತೆಗಳ ಹೆಸರಿಲ್ಲದ ಪಾಠ ದೈವನಿಂದೆಯೆಂದು ಸಾರುತ್ತಾಳೆ. ಬಜೋರಿನ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಳ್ಳುತ್ತಾರೆ. ಕೊನೆಗೆ ಶಾಲೆಯೇ ಸ್ಫೋಟಕ್ಕೆ ಸಿಕ್ಕಿ ನಾಶವಾಗುತ್ತದೆ. ಇದರ ನಡುವೆ ಸಿಸ್ಕೊನ ಎಳೆಯ ಮಗ, ಈ ನಂಬಿಕೆಯೆಲ್ಲ ಬರಿಯ ದಡ್ಡತನವೆಂದು ಜರೆದಾಗ ತಂದೆ ಅವನನ್ನು ತಡೆಯುತ್ತಾನೆ. ಐವತ್ತು ವರ್ಷಗಳ ದಾಸ್ಯದಲ್ಲಿ ಆ ಜನರ ಉಸಿರನ್ನು ಹಿಡಿದಿಟ್ಟದ್ದು ಅದೇ ನಂಬಿಕೆಯೆಂಬುದನ್ನು ಅವನಿಗೆ ತಿಳಿಸಿಹೇಳುತ್ತಾನೆ.

ಈ ಕಂತು ಮುಗಿಯುವ ವೇಳೆಗೆ ಕರೆಂಟು ಹೋಯಿತು. ದೀಪದ ಬೆಳಕಿನಲ್ಲಿ ವಾದ ಹೊತ್ತಿಕೊಂಡಿತು.

“ಸಿಸ್ಕೊ ಅಲ್ಲಿ ಮೆತ್ತಗಾದ,” ಎಂದ ಮಗ. “ಆ ಬಿಲದೊಳಗೆ ಹೋಗಿ ಅವುಗಳೊಡನೆ ಮಾತನಾಡಿ ಬಂದವನು ಅವನೇ. ಅವು ದೇವರಲ್ಲವೆಂದು ಖಂಡಿತವಾಗಿ ಹೇಳಬೇಕಾಗಿತ್ತು.”

“ಹೇಳಿದ್ದರೆ ಏನಾಗುತ್ತಿತ್ತು, ಅಣ್ಣ?” ಎಂದಳು ತಂಗಿ. “ಕಾಲವನ್ನೇ ಮೀರಿದ ಜೀವಕ್ಕೆ ದೇವರೆಂದು ಹೆಸರಿಡಬಾರದು ಎನ್ನುವುದಕ್ಕೆ ನಿನ್ನ ಬಳಿ ಯಾವ ಸೂತ್ರವಿದೆ? ಅವನು ಪಾಠವನ್ನೇನೂ ನಿಲ್ಲಿಸಲಿಲ್ಲವಲ್ಲ.”

ಇದು ಈ ಅಣ್ಣ ತಂಗಿಯರ ಜಗಳ ಮಾತ್ರವಲ್ಲ. ಆ ಜೀವಗಳು ದೇವತೆಗಳೋ ಪ್ರಾಣಿಗಳೋ ಎಂಬ ಪ್ರಶ್ನೆ ಎಲ್ಲೆಡೆಯ ಅಭಿಮಾನಿಗಳನ್ನೂ ಇಬ್ಭಾಗಮಾಡಿದೆ. ಕಥೆ ಬರೆದವರು ಕೊನೆಯವರೆಗೂ ತಕ್ಕಡಿಯನ್ನು ಒಂದು ಕಡೆಗೆ ವಾಲಿಸಲಿಲ್ಲ. ಆದರೆ ತೋಟದ ಮನೆಯಲ್ಲಿ ಅದು ಬೇರೊಂದು ನೆನಪನ್ನು ಕೆದಕಿತು. ಅಷ್ಟು ಹೊತ್ತು ಸುಮ್ಮನಿದ್ದ ಮೇಷ್ಟರು ಮನೆಯ ಯಜಮಾನರ ಕಡೆಗೆ ತಿರುಗಿದರು.

“ಗ್ರಹಣದ ವರ್ಷ ನಿನಗೆ ನೆನಪಿದೆಯೇನಯ್ಯಾ?”

ಯಜಮಾನರು ನಕ್ಕರು. ಮಕ್ಕಳಿಗೆ ಅರ್ಥವಾಗಲಿಲ್ಲ.

1980ರ ಫೆಬ್ರವರಿ 16ರಂದು ಅಂಕೋಲೆಯಿಂದ ರಾಯಚೂರಿನ ಕಡೆಗೆ ಚಂದ್ರನ ಪೂರ್ಣ ನೆರಳು ಕರ್ನಾಟಕವನ್ನು ಹಾದುಹೋಯಿತು. ಮಲೆನಾಡಿನ ಈ ಭಾಗದಲ್ಲಿ ಕಂಡದ್ದು ಪಾರ್ಶ್ವಗ್ರಹಣ. ಆಗತಾನೆ ಕೆಲಸಕ್ಕೆ ಸೇರಿದ್ದ ಮೇಷ್ಟರು ನಿಂಬೆಹಣ್ಣು ಹಾಗೂ ಲಾಂದ್ರವನ್ನಿಟ್ಟು ತರಗತಿಯಲ್ಲಿ ಪಾಠ ಮಾಡಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ರಾಹುಕೇತುಗಳನ್ನು ನಂಬುವವರು ಮೂಢರೆಂದೂ, ಮನೆಯಲ್ಲಿ ಹಿರಿಯರು ಹೇಳುವುದನ್ನು ಕೇಳಬೇಡಿರೆಂದೂ ಸೇರಿಸಿದರು. ತರಗತಿಯಲ್ಲಿದ್ದ ಹತ್ತು ವರ್ಷದ ಹುಡುಗನೊಬ್ಬ ಅದನ್ನು ಅಕ್ಷರಶಃ ತನ್ನ ಅಜ್ಜಿಗೆ ಒಪ್ಪಿಸಿದ. ಮರುದಿನದಿಂದ ಹುಡುಗ ಶಾಲೆಗೆ ಬರಲಿಲ್ಲ. ಅವನೇ ಇಂದಿನ ಯಜಮಾನ.

“ಹದಿನೈದು ದಿನ ಕಾದೆ,” ಎಂದರು ಮೇಷ್ಟರು. “ಆಮೇಲೆ ಇದೇ ಜಗಲಿಗೆ ಬಂದು ಕುಳಿತೆ. ನಿಮ್ಮ ಮುತ್ತಜ್ಜಿ ಮಾತನಾಡಲಿಲ್ಲ. ಆದರೂ ಕಾಫಿ ಕಳಿಸಿದರು. ‘ಅಮ್ಮಾ, ನೆರಳು ಹೇಗೆ ಬೀಳುತ್ತದೆ ಎನ್ನುವ ಪಾಠ ನಾನು ಬಿಡಲಾರೆ. ಮೂಢರು ಎಂದ ಮಾತನ್ನು ಬಿಟ್ಟಿದ್ದೇನೆ’ ಎಂದೆ. ಮಾರನೆಯ ದಿನ ಹುಡುಗ ಬಂದ. ಆ ಪಾಠವನ್ನು ಆಮೇಲೆ ಮೂವತ್ತೈದು ವರ್ಷ ಮಾಡಿದೆ. ಒಂದು ಸಾಲನ್ನೂ ಕಡಿಮೆ ಮಾಡಲಿಲ್ಲ.”

“ನಿಮಗೆ ಒಂದು ವಿಷಯ ಗೊತ್ತಿಲ್ಲ, ಮೇಷ್ಟ್ರೇ,” ಎಂದರು ಮೂಲೆಯಿಂದ ಅಜ್ಜಿ.

ಎಲ್ಲರೂ ಅತ್ತ ತಿರುಗಿದರು. ಅಂದು ಅವರು ಈ ಮನೆಯ ಕಿರಿಯ ಸೊಸೆ.

“ಅತ್ತೆಯವರು ಹೇಳಿದಂತೆ ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಟ್ಟೆ. ಬಾಗಿಲು ಹಾಕಿಕೊಂಡು ಎಲ್ಲರೂ ಒಳಗೆ ಕುಳಿತೆವು. ಹೆಂಚಿನ ಸಂದಿಯಿಂದ ಬಿಸಿಲು ಬಿದ್ದರೆ ನೆಲದ ಮೇಲೆ ಅರ್ಧಚಂದ್ರ ಕಾಣುತ್ತದೆ ಎಂದು ಮೇಷ್ಟ್ರು ಹೇಳಿದ್ದಾರೆ ಅಂತ ಇವನು ಕಿವಿಯಲ್ಲಿ ಹೇಳಿದ್ದ. ನೋಡಿದೆ. ನೆಲದ ತುಂಬ ಸಣ್ಣಸಣ್ಣ ಚಂದ್ರರು! ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಗ್ರಹಣ ಬಿಟ್ಟಮೇಲೆ ಸ್ನಾನವನ್ನೂ ಮಾಡಿದೆ. ನಿಮ್ಮ ಪಾಠವೂ ಸುಳ್ಳಾಗಲಿಲ್ಲ, ಅತ್ತೆಯ ಮನಸ್ಸೂ ನೋಯಲಿಲ್ಲ.”

ಮೇಷ್ಟರಿಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಪಾಠಕ್ಕೆ, ಮುಚ್ಚಿದ ಬಾಗಿಲಿನ ಹಿಂದೆ ಹೀಗೊಬ್ಬ ವಿದ್ಯಾರ್ಥಿನಿ ಇದ್ದಳೆಂಬುದು ಅವರಿಗೆ ಅಂದಿನವರೆಗೂ ತಿಳಿದಿರಲಿಲ್ಲ.

“ಆದರೆ ಅಜ್ಜಿ, ಎರಡೂ ನಿಜವಾಗಲು ಸಾಧ್ಯವಿಲ್ಲವಲ್ಲ,” ಎಂದು ಮೊಮ್ಮಗ ಪಟ್ಟು ಬಿಡಲಿಲ್ಲ.

“ನೀನು ಗಿರಿಗೆ ಹೋಗಿಲ್ಲವೇನೋ?” ಎಂದರು ಅಜ್ಜಿ.

ಗಿರಿಯೆಂದರೆ ಆ ಸೀಮೆಯಲ್ಲಿ ಬಾಬಾಬುಡನ್‌ಗಿರಿ. ಅಲ್ಲಿಯೂ ಇರುವುದೊಂದು ಗುಹೆ. ಅದನ್ನು ದತ್ತಾತ್ರೇಯರ ಪೀಠವೆಂದು ಒಬ್ಬರು ಕೈಮುಗಿದರೆ, ದಾದಾ ಹಯಾತರ ಹಾಗೂ ಬಾಬಾಬುಡನ್ ಅವರ ಸ್ಥಾನವೆಂದು ಮತ್ತೊಬ್ಬರು ತಲೆಬಾಗುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್ ದೇಶದ ಮೋಖಾ ರೇವಿನಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ನೆಟ್ಟರೆಂಬುದು ನಾಡಿನ ಪ್ರತೀತಿ. ಆ ಬೀಜದ ಬೆಳೆಯನ್ನು ಎರಡು ಹೆಸರಿನವರೂ ಕುಡಿಯುತ್ತಾರೆ. ಗುಹೆಯ ಪೂಜೆ, ಆಡಳಿತಗಳ ವ್ಯಾಜ್ಯ ದಶಕಗಳಿಂದ ನ್ಯಾಯಾಲಯದ ಮೆಟ್ಟಿಲು ಹತ್ತಿದೆ; ಬೆಟ್ಟದ ದಾರಿಯಲ್ಲಿ ಪೊಲೀಸರ ಕಾವಲು ಬೇಕಾದ ದಿನಗಳೂ ಬಂದುಹೋಗಿವೆ. ಯಾವ ಹೆಸರು ನಿಜವೆಂಬ ಪ್ರಶ್ನೆಗಿಂತ, ಪಕ್ಕದಲ್ಲಿ ನಿಂತವನನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಕಠಿನವಾದುದೆಂದು ಆ ಬೆಟ್ಟದ ಕೆಳಗೆ ಬಾಳುವವರಿಗೆ ಗೊತ್ತು. ಸಿಸ್ಕೊನ ಕಷ್ಟವೂ ಅದೇ. ಪಾಠವನ್ನು ಬಿಟ್ಟುಕೊಟ್ಟರೆ ಶಾಲೆಯಿಲ್ಲ. ಜನರನ್ನು ಜರೆದರೆ ಶಾಲೆಗೆ ಮಕ್ಕಳಿಲ್ಲ.

ಕಥೆಯ ನಿಲ್ದಾಣ ಹಾಗಿರಲಿ. ನಿಜವಾದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೊಂದು ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದೆ. 2000ದ ನವೆಂಬರ್ 2ರಿಂದ ಅಲ್ಲಿ ಮನುಷ್ಯವಾಸ ಒಂದು ದಿನವೂ ತಪ್ಪಿಲ್ಲ. 2022ರಲ್ಲಿ ಉಕ್ರೇನಿನ ಯುದ್ಧ ಹೊತ್ತಿ, ಕೆಳಗೆ ರಷ್ಯ ಅಮೆರಿಕಗಳ ಮಾತು ಮುರಿದುಬಿದ್ದ ಮೇಲೂ ಎರಡು ದೇಶದವರು ಅಲ್ಲಿ ಒಂದೇ ಗಾಳಿಯನ್ನು ಉಸಿರಾಡಿಕೊಂಡೇ ಇದ್ದರು. 2025ರಲ್ಲಿ ನಮ್ಮವರಾದ ಶುಭಾಂಶು ಶುಕ್ಲಾ ಅಲ್ಲಿಗೆ ಹೋಗಿ, ಧಾರವಾಡದ ಕೃಷಿ ವಿಜ್ಞಾನಿಗಳ ಪ್ರಯೋಗಕ್ಕಾಗಿ ಹೆಸರು ಹಾಗೂ ಮೆಂತ್ಯದ ಕಾಳುಗಳನ್ನು ಮೊಳಕೆಯೊಡೆಸಿದರು.

“ಕಾಳು ಸರಿ, ಅಲ್ಲಿ ಕಾಫಿ ಸಿಗುತ್ತದೆಯೇ?” ಎಂಬುದು ಅಜ್ಜಿಯ ಪ್ರಶ್ನೆ.

ಮೊಮ್ಮಗಳು ಉತ್ಸಾಹದಿಂದ ಉತ್ತರಿಸಿದಳು. 2015ರ ಮೇ 3ರಂದು ಇಟಲಿಯ ಸಮಂತಾ ಕ್ರಿಸ್ಟೊಫೊರೆಟ್ಟಿ ಎಂಬಾಕೆ, ನಿಲ್ದಾಣಕ್ಕೆಂದೇ ಮಾಡಿಸಿದ ಯಂತ್ರದಲ್ಲಿ ಎಸ್ಪ್ರೆಸೊ ಕಾಫಿ ಇಳಿಸಿ ಕುಡಿದಳು. ಅದೂ ‘ಸ್ಟಾರ್ ಟ್ರೆಕ್’ ಕಥೆಯ ಸಮವಸ್ತ್ರವನ್ನು ತೊಟ್ಟು! ಸಿಸ್ಕೊನಿಗೂ ರಾಕ್ಟಜೀನೊ ಎಂಬ ಕ್ಲಿಂಗನ್ ಜನರ ಕಾಫಿಯೆಂದರೆ ಪ್ರಾಣ.

“ಹಾಗಾದರೆ ನಿನ್ನ ಸಿಸ್ಕೊ ಒಳ್ಳೆಯವನೇ ಇರಬೇಕು,” ಎಂದು ಅಜ್ಜಿ ತೀರ್ಪು ಕೊಟ್ಟರು.

ಮೊಮ್ಮಗನಿಗೆ ತೀರ್ಪು ಒಪ್ಪಿಗೆಯಾಗಲಿಲ್ಲ. ಬಿಲದೊಳಗಿನ ಜೀವಗಳು ದೇವರಲ್ಲವೆಂದೇ ಅವನ ವಾದ. ಅಲ್ಲವೆಂದು ಹೇಗೆ ಗೊತ್ತು ಎಂದೇ ತಂಗಿಯ ವಾದ. ಮೇಷ್ಟರು ಛತ್ರಿ ಬಿಚ್ಚಿ ಹೊರಟಾಗ ಅಜ್ಜಿ ಕೂಗಿ ಹೇಳಿದರು: “ನಾಳೆ ಸ್ವಲ್ಪ ಬೇಗ ಬನ್ನಿ, ಮೇಷ್ಟ್ರೇ. ಕರೆಂಟು ಬಂದಿದ್ದರೆ ಮುಂದಿನ ಕಥೆ ನೋಡೋಣ.”